ಒಂದು ದೇಶದ ಪೌರತ್ವ ಇದೆ ಎಂದರೆ ಕೈಯಲ್ಲಿ ನಿಜಕ್ಕೂ ಏನಿದ್ದಂತೆ?

ಓಲೆಗರಿ (ಪ್ರಶ್ನೆ)

ಕಾಯಂ ನಿವಾಸದ ಪರವಾನಗಿ ಪಡೆದ ವಿದೇಶಿಯನ್ನೂ ಅದೇ ದೇಶದ ಪೌರನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ದಿನದ ಬದುಕಿನಲ್ಲಿ ಅಂತಹ ವ್ಯತ್ಯಾಸವೇನೂ ಕಾಣುವುದಿಲ್ಲ. ಇಬ್ಬರೂ ದುಡಿಯುತ್ತಾರೆ, ತೆರಿಗೆ ಕಟ್ಟುತ್ತಾರೆ, ಮನೆ ಕೊಳ್ಳುತ್ತಾರೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ. ಕೆಲವು ದೇಶಗಳಲ್ಲಿ ಪೌರರಲ್ಲದವರು ಮತವನ್ನೂ ಹಾಕುತ್ತಾರಂತೆ. ಹಾಗಿದ್ದರೆ ಪೌರನಿಗೆ ಮಾತ್ರ ಇರುವುದು ಯಾವುದು? ಪಾಸ್‌ಪೋರ್ಟ್ ಇದ್ದರೆ ಪೌರತ್ವ ಇದೆ ಎಂದೇ ಲೆಕ್ಕವೇ? ಕೊಟ್ಟ ಪೌರತ್ವವನ್ನು ಸರ್ಕಾರ ಕಿತ್ತುಕೊಳ್ಳಬಹುದೇ? ದೇಶಪ್ರೇಮದ ಮಾತು ಈ ಚರ್ಚೆಯಲ್ಲಿ ಬೇಡ. ಕಾನೂನಿನಲ್ಲಿ ಏನಿದೆ, ಆಚರಣೆಯಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿ.

ಸರಹದ್ದು

ಓಲೆಗರಿ ಅವರೇ, ಸಿಪ್ಪೆಯನ್ನೆಲ್ಲ ಸುಲಿದ ಮೇಲೆ ಉಳಿಯುವ ತಿರುಳು ಇಷ್ಟೇ: ಯಾರ ಅಪ್ಪಣೆಯೂ ಇಲ್ಲದೆ ಆ ದೇಶದೊಳಗೆ ಬರುವ ಹಕ್ಕು, ಮತ್ತು ಅಲ್ಲಿಂದ ಹೊರದೂಡಿಸಿಕೊಳ್ಳದೆ ಇರುವ ಹಕ್ಕು.

ವಿದೇಶಿ ಎಷ್ಟು ವರ್ಷ ನೆಲೆಸಿದ್ದರೂ ಅವನ ವಾಸ ನಿಂತಿರುವುದು ಒಂದು ಅನುಮತಿಯ ಮೇಲೆ. ಅನುಮತಿ ಎಂದ ಮೇಲೆ ಷರತ್ತು ಇದ್ದೇ ಇರುತ್ತದೆ. ಕೆನಡಾದ ಕಾಯಂ ನಿವಾಸಿ ಐದು ವರ್ಷಗಳಲ್ಲಿ ಕನಿಷ್ಠ 730 ದಿನ ಆ ದೇಶದಲ್ಲಿ ಇದ್ದಿರಬೇಕು. ಬ್ರಿಟನ್ನಿನಲ್ಲಿ ಅನಿರ್ದಿಷ್ಟ ಅವಧಿಯ ವಾಸದ ಪರವಾನಗಿ ಪಡೆದವರು ಸತತ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಆ ಪರವಾನಗಿ ತಾನಾಗಿಯೇ ರದ್ದು. ಗಂಭೀರ ಅಪರಾಧಕ್ಕೆ ಶಿಕ್ಷೆಯಾದ ವಿದೇಶಿಯನ್ನು ಜೈಲುವಾಸ ಮುಗಿದ ಮೇಲೆ ಗಡೀಪಾರು ಮಾಡಬಹುದು. ಪೌರನಿಗೂ ಅದೇ ಅಪರಾಧಕ್ಕೆ ಅದೇ ಜೈಲು, ಆದರೆ ಬಿಡುಗಡೆಯ ದಿನ ಅವನು ಮನೆಗೆ ಹೋಗುತ್ತಾನೆ. ಮೂವತ್ತು ವರ್ಷ ಹೊರದೇಶದಲ್ಲಿದ್ದು, ಹಣ ಕಳೆದುಕೊಂಡು, ಕಾಯಿಲೆ ಹಿಡಿಸಿಕೊಂಡು ಬಂದರೂ ತನ್ನ ದೇಶದ ಗಡಿಯಲ್ಲಿ ಅವನನ್ನು ತಡೆದು ನಿಲ್ಲಿಸುವಂತಿಲ್ಲ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12(4)ನೇ ವಿಧಿ ಹೇಳುವುದೂ ಇದನ್ನೇ: ಸ್ವಂತ ದೇಶವನ್ನು ಪ್ರವೇಶಿಸುವ ಹಕ್ಕನ್ನು ಯಾರಿಂದಲೂ ಮನಸ್ವೀ ಕಸಿಯಕೂಡದು.

ಉಳಿದದ್ದನ್ನೆಲ್ಲ ಆಯಾ ದೇಶ ತನ್ನ ಕಾನೂನಿನಲ್ಲಿ ಪೌರತ್ವಕ್ಕೆ ಅಂಟಿಸಿರುತ್ತದೆ. ಅಂಟಿಸಿದ್ದನ್ನು ಬಿಡಿಸಲೂ ಬರುತ್ತದೆ. ನೀವು ಕೇಳಿದ ಮತದಾನವನ್ನೇ ತೆಗೆದುಕೊಳ್ಳಿ. ನ್ಯೂಜಿಲೆಂಡಿನಲ್ಲಿ ಒಂದು ವರ್ಷ ಸತತವಾಗಿ ನೆಲೆಸಿದ ಕಾಯಂ ನಿವಾಸಿಗಳು ಸಂಸತ್ತಿನ ಚುನಾವಣೆಯಲ್ಲೇ ಮತ ಹಾಕುತ್ತಾರೆ. ಇನ್ನೊಂದು ಕಡೆ, ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗೆ ಅಮೆರಿಕದ ಪಾಸ್‌ಪೋರ್ಟ್ ಸಿಗುತ್ತದೆ, ಅಮೆರಿಕದಲ್ಲಿ ಎಲ್ಲಿ ಬೇಕಾದರೂ ನೆಲೆಸಬಹುದು, ಆದರೆ ಅವರ ಪಾಸ್‌ಪೋರ್ಟಿನಲ್ಲೇ ‘ಈತ ಅಮೆರಿಕದ ರಾಷ್ಟ್ರೀಯ, ಪೌರನಲ್ಲ’ ಎಂದು ಷರಾ ಬರೆದಿರುತ್ತದೆ. ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಬ್ರಿಟಿಷ್ ಕಾನೂನಿನಲ್ಲಂತೂ ರಾಷ್ಟ್ರೀಯತೆಯ ಆರು ಬಗೆಗಳಿವೆ. ಹಾಂಗ್‌ಕಾಂಗಿನ ಜನರಿಗಾಗಿ ಮಾಡಿದ ‘ಬ್ರಿಟಿಷ್ ನ್ಯಾಷನಲ್ (ಓವರ್‌ಸೀಸ್)’ ಬಗೆಗೆ ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಅದರ ಜೊತೆಗೆ ಬರುವುದಿಲ್ಲ. ನನ್ನ ಮಟ್ಟಿಗೆ, ತಿರುಳೇ ಇಲ್ಲದ ಇಂತಹ ಪೌರತ್ವ ಹೆಸರಿಗೆ ಮಾತ್ರ.

ಹಕ್ಕಿನ ಬಗ್ಗೆಯಷ್ಟೇ ಮಾತಾಡಿ ಬಾಧ್ಯತೆ ಮರೆಯುವವರು ಬಹಳ. ಪೌರತ್ವ ಎಂದರೆ ನೀವು ಎಲ್ಲಿದ್ದರೂ ಒಂದು ಸರ್ಕಾರಕ್ಕೆ ನಿಮ್ಮ ಮೇಲೆ ಹಿಡಿತ ಇದೆ ಎಂದೂ ಅರ್ಥ. ಹೆಚ್ಚಿನ ದೇಶಗಳು ವಾಸ ನೋಡಿ ತೆರಿಗೆ ಹಾಕುತ್ತವೆ. ಅಮೆರಿಕ ಪೌರತ್ವ ನೋಡಿಯೂ ಹಾಕುತ್ತದೆ. ಹುಟ್ಟಿದ ಆರನೇ ತಿಂಗಳಿಗೇ ಆ ದೇಶ ಬಿಟ್ಟು ಮತ್ತೆ ಹೋಗದವನೂ ದೊಡ್ಡವನಾಗಿ, ನಿಗದಿತ ಮಿತಿ ಮೀರಿ ಸಂಪಾದಿಸತೊಡಗಿದರೆ ಜಗತ್ತಿನ ಎಲ್ಲ ಆದಾಯದ ಲೆಕ್ಕವನ್ನೂ ಅಲ್ಲಿಗೆ ಒಪ್ಪಿಸಬೇಕು. ಹೊರದೇಶದ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಬೇರೆ ವರದಿ ಸಲ್ಲಿಸಬೇಕು. ಎರಿಟ್ರಿಯಾ ಹೊರಗಿರುವ ತನ್ನವರ ಆದಾಯದಲ್ಲಿ ಶೇ. 2 ಕೇಳುತ್ತದೆ. ಸೇನಾಸೇವೆಯೂ ಹೀಗೆಯೇ. ಹುಟ್ಟಿನಿಂದ ದಕ್ಷಿಣ ಕೊರಿಯಾದ್ದೂ ಸೇರಿ ಎರಡು ಪೌರತ್ವ ಇರುವ ಹುಡುಗ 18 ತುಂಬುವ ವರ್ಷದ ಮಾರ್ಚ್ 31ರೊಳಗೆ ಕೊರಿಯಾದ್ದನ್ನು ಬಿಡದಿದ್ದರೆ ಸೇನಾಸೇವೆಯ ಬಾಧ್ಯತೆ ತೀರುವ ತನಕ ಸಾಮಾನ್ಯವಾಗಿ ಬಿಡಲಾಗುವುದಿಲ್ಲ. 2022ರಿಂದ ಕೆಲವು ವಿನಾಯಿತಿಗಳಿವೆ, ಆದರೆ ಅವನ್ನು ಅರ್ಜಿ ಹಾಕಿ ಕೇಳಿಯೇ ಪಡೆಯಬೇಕು. ತನಗೆ ಆ ಪೌರತ್ವ ಇದೆ ಎಂಬುದೇ ಗೊತ್ತಿಲ್ಲದ ಹುಡುಗರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಮೂಲಪ್ರತಿ

ಸರಹದ್ದು ಅವರು ಹೇಳಿದ್ದು ಸರಿ. ಪಾಸ್‌ಪೋರ್ಟಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಪಾಸ್‌ಪೋರ್ಟ್ ಪೌರತ್ವಕ್ಕೆ ಪುರಾವೆ. ಪೌರತ್ವ ಹುಟ್ಟುವುದು ಕಾನೂನಿನಿಂದ. ಪುರಾವೆ ಇಲ್ಲದ ಪೌರರು ಲಕ್ಷಾಂತರ ಇದ್ದಾರೆ. ಪೌರತ್ವ ಹೋಗಿದ್ದರೂ ಅವಧಿ ಮುಗಿಯದ ಪಾಸ್‌ಪೋರ್ಟನ್ನು ಇಟ್ಟುಕೊಂಡವರೂ ಇದ್ದಾರೆ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್, ಜಪಾನಿನ ರಾಷ್ಟ್ರೀಯತಾ ಕಾಯ್ದೆಯ 11ನೇ ವಿಧಿ, ಚೀನಾದ ಕಾಯ್ದೆಯ 9ನೇ ವಿಧಿ, ಇವುಗಳ ಧಾಟಿ ಒಂದೇ: ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಹಳೆಯದು ತಾನಾಗಿ ಹೋಗುತ್ತದೆ. (ಚೀನಾದ ವಿಧಿ ಹೊರದೇಶದಲ್ಲಿ ನೆಲೆಸಿದವರಿಗೆ ಅನ್ವಯಿಸುತ್ತದೆ.) ಯಾರೂ ನೋಟಿಸ್ ಕೊಡುವುದಿಲ್ಲ, ಆದೇಶವೂ ಬರುವುದಿಲ್ಲ. ಹಳೆಯ ಪಾಸ್‌ಪೋರ್ಟಿನ ಮೇಲೆ ಇನ್ನೂ ಆರು ವರ್ಷದ ಅವಧಿ ಅಚ್ಚಾಗಿದ್ದರೂ ಅದನ್ನು ತೋರಿಸಿ ಪ್ರಯಾಣ ಮಾಡಿದರೆ ದಂಡ ಅಥವಾ ಮೊಕದ್ದಮೆ ಎದುರಾಗಬಹುದು.

ಇನ್ನೊಂದು ಸೂಕ್ಷ್ಮ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲಿ 44 ಅಕ್ಷರ. ಮೊದಲ ಸಾಲಿನ 3ರಿಂದ 5ನೇ ಸ್ಥಾನದಲ್ಲಿ ಇರುವುದು ಕೊಟ್ಟ ದೇಶದ ಸಂಕೇತ. ಎರಡನೇ ಸಾಲಿನ 11ರಿಂದ 13ನೇ ಸ್ಥಾನದಲ್ಲಿ ಇರುವುದು ಹೊಂದಿದವನ ರಾಷ್ಟ್ರೀಯತೆ. ಸಾಮಾನ್ಯವಾಗಿ ಎರಡೂ ಒಂದೇ. ಆದರೆ ನಿರಾಶ್ರಿತರಿಗೂ ಯಾವ ದೇಶದವರೂ ಅಲ್ಲದವರಿಗೂ ಕೊಡುವ ಪ್ರಯಾಣಪತ್ರದಲ್ಲಿ ಎರಡನೆಯದು ಬೇರೆಯಾಗುತ್ತದೆ: ಯಾವ ದೇಶದವರೂ ಅಲ್ಲದವರಿಗೆ ‘ಎಕ್ಸ್‌ಎಕ್ಸ್‌ಎ’, 1951ರ ನಿರಾಶ್ರಿತರ ಒಪ್ಪಂದದ ವ್ಯಾಪ್ತಿಗೆ ಬರುವವರಿಗೆ ‘ಎಕ್ಸ್‌ಎಕ್ಸ್‌ಬಿ’. ಒಂದು ದೇಶ ಪುಸ್ತಕ ಕೊಟ್ಟಿದೆ ಎಂದ ಮಾತ್ರಕ್ಕೆ ‘ಇವನು ನಮ್ಮವನು’ ಎಂದು ಅದು ಹೇಳಿದಂತಲ್ಲ. ಆ ಮೂರು ಅಕ್ಷರ ನೋಡಿದರೆ ವಿಷಯ ಗೊತ್ತಾಗುತ್ತದೆ.

ತನಗೆ ಯಾವ ಪೌರತ್ವ ಇದೆ ಎಂದು ಲೆಕ್ಕ ಹಾಕುವವರು ತಾರೀಖಿನಿಂದ ಶುರುಮಾಡಬೇಕು. ಒಂದು ಹಾಳೆಯಲ್ಲಿ ಹುಟ್ಟಿದ ದಿನ ಮತ್ತು ಸ್ಥಳ ಬರೆಯಿರಿ. ಆ ದಿನ ತಂದೆ ಯಾವ ದೇಶದ ಪೌರ, ತಾಯಿ ಯಾವ ದೇಶದ ಪೌರಳು, ಇಬ್ಬರ ವಾಸಕ್ಕೂ ಕಾನೂನಿನ ಅನುಮತಿ ಇತ್ತೇ, ಅವರಿಗೆ ಮದುವೆಯಾಗಿತ್ತೇ ಎಂಬುದನ್ನೂ ಬರೆಯಿರಿ. ಆಮೇಲೆ ಆ ದಿನ ಜಾರಿಯಲ್ಲಿದ್ದ ಕಾನೂನು ಓದಬೇಕು. ಇವತ್ತಿನ ಕಾನೂನು ಓದಿದರೆ ಲೆಕ್ಕ ತಪ್ಪುತ್ತದೆ. ಹುಟ್ಟಿದ ನೆಲದಿಂದಲೇ ಪೌರತ್ವ ಕೊಡುತ್ತಿದ್ದ ಬ್ರಿಟನ್ 1983ರ ಜನವರಿ 1ರಿಂದ ಅದನ್ನು ನಿಲ್ಲಿಸಿತು, ಆಸ್ಟ್ರೇಲಿಯಾ 1986ರ ಆಗಸ್ಟ್ 20ರಿಂದ, ಐರ್ಲೆಂಡ್ 2005ರ ಜನವರಿ 1ರಿಂದ. ಭಾರತದಲ್ಲಿ 1987ರ ಜುಲೈ 1 ಮತ್ತು 2004ರ ಡಿಸೆಂಬರ್ 3 ಎಂಬ ಎರಡು ಗೆರೆಗಳಿವೆ. ಒಂದೇ ಆಸ್ಪತ್ರೆಯಲ್ಲಿ, ಒಂದೇ ತಂದೆತಾಯಿಗೆ ಹುಟ್ಟಿದ ಅಣ್ಣ ಪೌರನಾಗಿ ತಮ್ಮ ಆಗದೆ ಹೋಗುವುದು ಇಂತಹ ಗೆರೆಗಳಿಂದಲೇ. ಇನ್ನು ಅಮೆರಿಕ, ಕೆನಡಾಗಳಂತೆ ನೆಲದ ಮೇಲೆ ಹುಟ್ಟಿದವರಿಗೆ ಕೊಡುವ ದೇಶಗಳಲ್ಲೂ ವಿದೇಶಿ ರಾಜತಾಂತ್ರಿಕರ ಮಕ್ಕಳಿಗೆ ಆ ನಿಯಮ ಅನ್ವಯಿಸುವುದಿಲ್ಲ.

ರಕ್ತಸಂಬಂಧದಿಂದ ಬರುವ ಪೌರತ್ವದಲ್ಲಿ ಎರಡು ಕೊಂಡಿಗಳು ಕಳಚುತ್ತವೆ. ಒಂದು, ತಲೆಮಾರಿನ ಮಿತಿ. ಹೊರದೇಶದಲ್ಲಿ ಹುಟ್ಟಿ ತಂದೆ ಅಥವಾ ತಾಯಿಯಿಂದ ಬ್ರಿಟಿಷ್ ಪೌರತ್ವ ಪಡೆದವನ ಮಗುವೂ ಹೊರದೇಶದಲ್ಲೇ ಹುಟ್ಟಿದರೆ ಆ ಮಗುವಿಗೆ ಸಾಮಾನ್ಯವಾಗಿ ತಾನಾಗಿ ಪೌರತ್ವ ಬರುವುದಿಲ್ಲ. ಎರಡು, ನೋಂದಣಿಯ ಗಡುವು. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ‘ಅಪ್ಪ-ಅಮ್ಮ ಇಬ್ಬರೂ ಪೌರರು, ಮಗು ಎಲ್ಲಿ ಹೋಗುತ್ತದೆ’ ಎಂದು ಸುಮ್ಮನಿರುವವರು ಇದನ್ನು ದಯವಿಟ್ಟು ಗಮನಿಸಿ.

ಅರ್ಜಿ ಹಾಕಿ ಪೌರರಾಗುವವರಿಗೆ ಒಂದು ಮಾತು. ಅರ್ಜಿ ಮಂಜೂರಾದ ದಿನವೇ ಪೌರರಾದಿರಿ ಎಂದುಕೊಳ್ಳಬೇಡಿ. ಅಮೆರಿಕ, ಕೆನಡಾಗಳಲ್ಲಿ ಪ್ರಮಾಣವಚನ ಸ್ವೀಕರಿಸಿದ ಕ್ಷಣದಿಂದಷ್ಟೇ ಪೌರತ್ವ. ನಡುವಿನ ವಾರಗಳಲ್ಲಿ ನೀವು ಇನ್ನೂ ವಿದೇಶಿಯೇ. ಆಗ ಬಂಧನವಾದರೆ, ಮದುವೆ ಮುರಿದರೆ, ಹೊರದೇಶಕ್ಕೆ ಹೋಗಿ ಬಂದರೆ ತಿಳಿಸಬೇಕಾಗುತ್ತದೆ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ, ಸಭಾಂಗಣ ಬಿಡುವ ಮೊದಲೇ, ಹೆಸರಿನ ಒಂದೊಂದು ಅಕ್ಷರ ಮತ್ತು ಹುಟ್ಟಿದ ತಾರೀಖು ಓದಿ ನೋಡಿ. ಆಮೇಲೆ ತಿದ್ದಿಸಲು ತಿಂಗಳುಗಟ್ಟಲೆ ಓಡಾಡಬೇಕು, ಅಷ್ಟರೊಳಗೆ ಆ ತಪ್ಪು ಪಾಸ್‌ಪೋರ್ಟಿಗೂ ಹೋಗಿರುತ್ತದೆ.

ಓಲೆಗರಿ

ಇಬ್ಬರಿಗೂ ಧನ್ಯವಾದ. ತಾರೀಖಿನ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಒಂದು ಪ್ರಶ್ನೆ ಉಳಿಯಿತು. ಎರಡು ದೇಶಗಳೂ ದ್ವಿಪೌರತ್ವ ಒಪ್ಪುತ್ತವೆ ಎಂದಿಟ್ಟುಕೊಳ್ಳಿ. ಪ್ರಯಾಣದಲ್ಲಿ ಯಾವ ಪಾಸ್‌ಪೋರ್ಟ್ ತೋರಿಸಬೇಕು? ತೊಂದರೆಯಾದರೆ ಯಾವ ದೇಶ ನೆರವಿಗೆ ಬರುತ್ತದೆ?

ಎರಡು ದಡ

ಇದಕ್ಕೆ ಹಳೆಯ ಸೂತ್ರವೊಂದಿದೆ. 1930ರ ಹೇಗ್ ಒಪ್ಪಂದದ ಪ್ರಕಾರ ಯಾರು ತನ್ನ ಪೌರರು ಎಂದು ಪ್ರತಿ ದೇಶವೂ ತನ್ನ ಕಾನೂನಿನಿಂದಲೇ ತೀರ್ಮಾನಿಸುತ್ತದೆ. ಎರಡು ದೇಶಗಳ ಪೌರನನ್ನು ಎರಡೂ ತನ್ನವನೆಂದೇ ನೋಡಬಹುದು. ಮತ್ತು, ಮುಖ್ಯವಾಗಿ 4ನೇ ವಿಧಿ, ಒಂದು ದೇಶ ತನ್ನ ಪೌರನ ಪರವಾಗಿ ಅವನ ಇನ್ನೊಂದು ದೇಶದ ವಿರುದ್ಧ ರಾಜತಾಂತ್ರಿಕ ರಕ್ಷಣೆ ಕೊಡುವಂತಿಲ್ಲ. ಇತ್ತೀಚಿನ ದಶಕಗಳಲ್ಲಿ ಈ ಕೊನೆಯದು ಸ್ವಲ್ಪ ಸಡಿಲವಾಗಿದೆ, ಆದರೂ ಬಂಧನದ ಹೊತ್ತಿನಲ್ಲಿ ಅದನ್ನು ನಂಬಿ ಕೂರಬೇಡಿ. ‘ಅ’ ಮತ್ತು ‘ಆ’ ಎರಡು ದೇಶಗಳ ಪೌರನಾದವನು ‘ಆ’ ದೇಶದೊಳಗೆ ಬಂಧಿತನಾದರೆ, ‘ಅ’ ದೇಶದ ಕಾನ್ಸುಲ್ ಬಂದು ಕೇಳಿದರೂ ‘ಇವನು ನಮ್ಮ ಪೌರ, ನಿಮಗೇನು ಕೆಲಸ’ ಎನ್ನಬಹುದು.

ಮೂರನೇ ದೇಶದಲ್ಲಿ ಹಾಗಲ್ಲ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ವಿದೇಶಿಗೆ ತನ್ನ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸುವ ಹಕ್ಕು ಇದೆ ಎಂದು ತಡಮಾಡದೆ ತಿಳಿಸಬೇಕು. ಅವನು ಕೇಳಿದರೆ ಸುದ್ದಿ ಮುಟ್ಟಿಸಲೇಬೇಕು. ಆದ್ದರಿಂದ ಬಾಯಿಬಿಟ್ಟು ಕೇಳಿ. ಕಾನ್ಸುಲ್ ಜೈಲಿಗೆ ಬಂದು ನೋಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಯವರಿಗೆ ತಿಳಿಸಬಹುದು. ಬಿಡಿಸಿಕೊಂಡು ಹೋಗುವ ಅಧಿಕಾರ ಅವರಿಗಿಲ್ಲ. ಪ್ರವೇಶಿಸುವಾಗ ತೋರಿಸಿದ ಪಾಸ್‌ಪೋರ್ಟಿನ ದೇಶವನ್ನೇ ಅಲ್ಲಿನ ಪೊಲೀಸರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ.

ಪ್ರಯಾಣದ ನಿಯಮ ಸರಳ. ವಿಮಾನ ಸಂಸ್ಥೆಯ ಕೌಂಟರಿನಲ್ಲಿ ತೋರಿಸಬೇಕಾದ್ದು, ಇಳಿಯುವ ದೇಶ ಯಾವುದನ್ನು ನೋಡಿ ಒಳಗೆ ಬಿಡುತ್ತದೋ ಆ ಪಾಸ್‌ಪೋರ್ಟ್. ಹೊರಡುವ ದೇಶದ ಇಮಿಗ್ರೇಷನ್ನಿನಲ್ಲಿ ತೋರಿಸಬೇಕಾದ್ದು, ಆ ದೇಶಕ್ಕೆ ಬರುವಾಗ ತೋರಿಸಿದ್ದು. ಒಂದರಲ್ಲಿ ಒಳಬಂದು ಇನ್ನೊಂದರಲ್ಲಿ ಹೊರಟರೆ ಮೊದಲನೆಯದರ ಮೇಲೆ ‘ಬಂದ, ಹೋಗಲಿಲ್ಲ’ ಎಂದು ಉಳಿಯುತ್ತದೆ. ಮುಂದಿನ ಸಲ ಅವಧಿ ಮೀರಿ ಉಳಿದವನೆಂದು ತಡೆದು ನಿಲ್ಲಿಸುತ್ತಾರೆ. ಎರಡರಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ ಟಿಕೆಟ್ಟಿನ ಹೆಸರು ಯಾವುದಕ್ಕೆ ಹೊಂದಬೇಕೆಂದು ಮೊದಲೇ ನಿರ್ಧರಿಸಿ, ಹೆಸರು ಬದಲಾದ ದಾಖಲೆಯ ಪ್ರತಿ ಇಟ್ಟುಕೊಳ್ಳಿ. ಮತ್ತು ತನ್ನ ದೇಶಕ್ಕೆ ತನ್ನದೇ ಪಾಸ್‌ಪೋರ್ಟಿನಲ್ಲಿ ಹೋಗಿ. ಅಮೆರಿಕದ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಕೆನಡಾ 2016ರ ನವೆಂಬರಿನಿಂದ, ಅಮೆರಿಕದ ಪಾಸ್‌ಪೋರ್ಟ್ ಇರುವವರನ್ನು ಬಿಟ್ಟರೆ, ಕೆನಡಾ ಪಾಸ್‌ಪೋರ್ಟ್ ಇಲ್ಲದ ದ್ವಿಪೌರರನ್ನು ವಿಮಾನ ಹತ್ತಿಸುತ್ತಿಲ್ಲ.

ಒಂದು ದೇಶ ಕೊಟ್ಟ ಪೌರತ್ವವನ್ನು ಉಳಿದ ದೇಶಗಳು ಕಣ್ಣುಮುಚ್ಚಿ ಒಪ್ಪಬೇಕೇ ಎಂಬುದಕ್ಕೆ 1955ರ ನಾಟೆಬೋಮ್ ಪ್ರಕರಣ ನೋಡಿ. ಹ್ಯಾಂಬರ್ಗಿನಲ್ಲಿ ಹುಟ್ಟಿದ ಈ ವ್ಯಾಪಾರಿ 1905ರಿಂದ ಗ್ವಾಟೆಮಾಲಾದಲ್ಲಿದ್ದ. ಯುದ್ಧ ಶುರುವಾದ ಮೇಲೆ, 1939ರ ಅಕ್ಟೋಬರಿನಲ್ಲಿ ಲಿಕ್ಟೆನ್‌ಸ್ಟೈನಿನ ಪೌರತ್ವ ಪಡೆದ. ಗ್ವಾಟೆಮಾಲಾ ಅವನನ್ನು ಶತ್ರುದೇಶದವನೆಂದೇ ಕಂಡು ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು. ಲಿಕ್ಟೆನ್‌ಸ್ಟೈನ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ಅವನಿಗೂ ಆ ದೇಶಕ್ಕೂ ನಿಜವಾದ ನಂಟು ಇಲ್ಲದಿರುವುದರಿಂದ ಆ ಪೌರತ್ವವನ್ನು ಗ್ವಾಟೆಮಾಲಾ ಮನ್ನಿಸಬೇಕಿಲ್ಲ ಎಂದು ತೀರ್ಪಾಯಿತು. ಲಿಕ್ಟೆನ್‌ಸ್ಟೈನಿನೊಳಗೆ ಅವನ ಪೌರತ್ವ ಅನೂರ್ಜಿತ ಎಂದು ನ್ಯಾಯಾಲಯ ಹೇಳಲಿಲ್ಲ ಎಂಬುದನ್ನು ಗಮನಿಸಿ. 2025ರ ಏಪ್ರಿಲ್ 29ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಮಾಲ್ಟಾದ ‘ಹೂಡಿಕೆ ಮಾಡಿ, ಪೌರತ್ವ ಪಡೆಯಿರಿ’ ಯೋಜನೆ ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು. ಹಣ ಕೊಟ್ಟು ಪಾಸ್‌ಪೋರ್ಟ್ ಕೊಳ್ಳುವ ಜಾಹೀರಾತು ನೋಡುವವರು ಈ ಎರಡನ್ನೂ ಓದಿಕೊಳ್ಳುವುದು ಒಳ್ಳೆಯದು.

ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವವರು ಕ್ರಮ ತಪ್ಪಬಾರದು. ಹೊಸದು ಖಚಿತವಾಗದೆ ಹಳೆಯದನ್ನು ತ್ಯಜಿಸಿದರೆ ನಡುನೀರಿನಲ್ಲಿ ಉಳಿಯುವಿರಿ. ಹಳೆಯದನ್ನು ಮೊದಲು ಬಿಡಬೇಕೆನ್ನುವ ಆಸ್ಟ್ರಿಯಾದಂತಹ ದೇಶ ‘ಎರಡು ವರ್ಷದೊಳಗೆ ಬಿಟ್ಟು ಬಂದರೆ ಕೊಡುತ್ತೇವೆ’ ಎಂದು ಲಿಖಿತ ಭರವಸೆ ಕೊಡುತ್ತದೆ. ಅದು ಕೈಗೆ ಬರುವ ತನಕ ತ್ಯಾಗಪತ್ರಕ್ಕೆ ಸಹಿ ಹಾಕಬೇಡಿ. ಮಕ್ಕಳ ಮೇಲಿನ ಪರಿಣಾಮವನ್ನೂ ನೋಡಿ: ಭಾರತದ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಪೋಷಕರು ತ್ಯಜಿಸಿದರೆ ಅಪ್ರಾಪ್ತ ಮಕ್ಕಳದ್ದೂ ಹೋಗುತ್ತದೆ, ಪ್ರಾಯಕ್ಕೆ ಬಂದ ಒಂದು ವರ್ಷದೊಳಗೆ ಅವರು ಬರೆದುಕೊಟ್ಟು ವಾಪಸ್ ಪಡೆಯಬಹುದು. ಕೋಸ್ಟರಿಕಾದಂತಹ ಕಡೆ ತ್ಯಜಿಸಲು ಅವಕಾಶವೇ ಇಲ್ಲ.

ಜನನ ದಾಖಲೆ

ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸುಳ್ಳು ದಾಖಲೆ ಕೊಟ್ಟು ಪಡೆದ ಪೌರತ್ವವನ್ನು ಬಹುತೇಕ ಎಲ್ಲ ದೇಶಗಳೂ ರದ್ದು ಮಾಡುತ್ತವೆ. ಅದರಾಚೆಗೆ ದೇಶದಿಂದ ದೇಶಕ್ಕೆ ಅಜಗಜಾಂತರ. ಅಮೆರಿಕದ ಸುಪ್ರೀಂ ಕೋರ್ಟ್ 1967ರ ಅಫ್ರೋಯಿಮ್ ಪ್ರಕರಣದಲ್ಲಿ, ಪೌರನ ಇಚ್ಛೆಗೆ ವಿರುದ್ಧವಾಗಿ ಪೌರತ್ವ ಕಸಿಯುವ ಅಧಿಕಾರ ಸಂಸತ್ತಿಗಿಲ್ಲ ಎಂದಿತು. ಬ್ರಿಟನ್ನಿನಲ್ಲಿ ‘ಸಾರ್ವಜನಿಕ ಹಿತ’ದ ಕಾರಣ ಕೊಟ್ಟು ಗೃಹಮಂತ್ರಿ ಕಸಿಯಬಹುದು. ಯಾವ ದೇಶದ ಪೌರತ್ವವೂ ಇಲ್ಲದ ಸ್ಥಿತಿಯನ್ನು ಕಡಿಮೆ ಮಾಡಲೆಂದು ಮಾಡಿಕೊಂಡ 1961ರ ವಿಶ್ವಸಂಸ್ಥೆಯ ಒಪ್ಪಂದದ 8ನೇ ವಿಧಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವ್ಯಕ್ತಿ ಯಾವ ದೇಶದವನೂ ಅಲ್ಲದಂತಾಗುವ ಹಾಗೆ ಕಸಿಯಕೂಡದು ಎನ್ನುತ್ತದೆ. 9ನೇ ವಿಧಿ ಜನಾಂಗ, ಧರ್ಮ, ರಾಜಕೀಯದ ಕಾರಣಕ್ಕೆ ಕಸಿಯಲೇಬಾರದು ಎನ್ನುತ್ತದೆ. ಆದರೂ ನಿಕರಾಗುವಾ 2023ರ ಫೆಬ್ರವರಿಯಲ್ಲಿ 222 ರಾಜಕೀಯ ಕೈದಿಗಳನ್ನು ವಿಮಾನದಲ್ಲಿ ಹೊರಗೆ ಕಳಿಸಿ ಪೌರತ್ವ ಕಳೆಯಿತು, ಕೆಲವೇ ದಿನಗಳಲ್ಲಿ ಮತ್ತೆ 94 ಜನರದ್ದನ್ನೂ ಕಳೆಯಿತು. ಡೊಮಿನಿಕನ್ ಗಣರಾಜ್ಯದ ಸಾಂವಿಧಾನಿಕ ನ್ಯಾಯಾಲಯ 2013ರಲ್ಲಿ 1929ರಷ್ಟು ಹಿಂದಕ್ಕೆ ಅನ್ವಯಿಸುವಂತೆ ತೀರ್ಪು ಕೊಟ್ಟು, ಹೈಟಿ ಮೂಲದ ದೊಡ್ಡ ಸಮುದಾಯವನ್ನು ಹುಟ್ಟಿದ ನೆಲದಲ್ಲೇ ಪರಕೀಯರನ್ನಾಗಿ ಮಾಡಿತು. ಸರಹದ್ದು ಅವರು ಹೇಳಿದ ತಿರುಳೇ ಇಲ್ಲಿ ಹೋದದ್ದು.

ಯಾರೂ ಕಸಿಯದೆಯೂ ಕೆಲವರು ಬರಿಗೈಯಲ್ಲಿ ಹುಟ್ಟುತ್ತಾರೆ. ಲೆಬನಾನ್, ಕುವೈತ್, ಕತಾರ್‌ಗಳಲ್ಲಿ ತಾಯಿ ತಂದೆಯಷ್ಟೇ ಸರಿಸಮವಾಗಿ ಮಗುವಿಗೆ ಪೌರತ್ವ ದಾಟಿಸಲಾರಳು. ತಂದೆ ಯಾವ ದೇಶದವನೂ ಅಲ್ಲದಿದ್ದರೆ ಮಗುವೂ ಹಾಗೆಯೇ ಉಳಿಯುವ ಅಪಾಯವಿದೆ. ಇದಕ್ಕೆ ಮದ್ದು 1961ರ ಒಪ್ಪಂದದಲ್ಲೇ ಇದೆ: ಬೇರೆ ಯಾವ ಪೌರತ್ವವೂ ಸಿಗದ ಮಗುವಿಗೆ ಹುಟ್ಟಿದ ದೇಶ ಕೊಡಬೇಕು, ಬೀದಿಯಲ್ಲಿ ಸಿಕ್ಕ ಅನಾಥ ಶಿಶುವನ್ನು ಆ ದೇಶದವರ ಮಗು ಎಂದೇ ಭಾವಿಸಬೇಕು. ಒಪ್ಪಂದಕ್ಕೆ ಸೇರದ ದೇಶಗಳ ಮೇಲೆ ಈ ಒಪ್ಪಂದದ ಬಾಧ್ಯತೆ ಇಲ್ಲ.

ಪೌರತ್ವವೇ ಇಲ್ಲ ಎಂದು ಸಾಬೀತು ಮಾಡಬೇಕಾದವರ ಕೆಲಸ ಪೌರರದ್ದಕ್ಕಿಂತ ಕಷ್ಟ, ಏಕೆಂದರೆ ಇಲ್ಲದ್ದಕ್ಕೆ ದಾಖಲೆ ಹುಡುಕಬೇಕು. ಹುಟ್ಟಿದ ದೇಶ, ತಂದೆತಾಯಿಯ ದೇಶಗಳು, ಗಂಡ ಅಥವಾ ಹೆಂಡತಿಯ ದೇಶ, ದೀರ್ಘಕಾಲ ನೆಲೆಸಿದ ದೇಶ, ಇಷ್ಟಕ್ಕೆ ಮಾತ್ರ ಬರೆದು ಕೇಳಿದರೆ ಸಾಕು, ಜಗತ್ತಿನ ಎಲ್ಲ ದೇಶಗಳಿಗೂ ಬರೆಯಬೇಕಿಲ್ಲ. ಪತ್ರದಲ್ಲಿ ಪೂರ್ಣ ಹೆಸರು, ಹುಟ್ಟಿದ ತಾರೀಖು, ಸ್ಥಳ, ತಂದೆತಾಯಿಯ ಹೆಸರು ಬರೆದು ‘ನಿಮ್ಮ ಕಾನೂನಿನ ಪ್ರಕಾರ ಇವರು ನಿಮ್ಮ ಪೌರರೇ’ ಎಂದು ನೇರವಾಗಿ ಕೇಳಿ. ಆದರೆ ಕಿರುಕುಳಕ್ಕೆ ಹೆದರಿ ಬಿಟ್ಟುಬಂದ ದೇಶ ಆ ಪಟ್ಟಿಯಲ್ಲಿದ್ದರೆ ಅಲ್ಲಿಗೆ ಬರೆಯುವ ಮೊದಲು ವಕೀಲರನ್ನು ಅಥವಾ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯನ್ನು ವಿಚಾರಿಸಿ. ಎಷ್ಟೋ ರಾಯಭಾರ ಕಚೇರಿಗಳು ಉತ್ತರವನ್ನೇ ಕೊಡುವುದಿಲ್ಲ. ಅದಕ್ಕಾಗಿ ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಿ, ರಸೀದಿ ಮತ್ತು ಪತ್ರದ ಪ್ರತಿ ಜೋಪಾನ ಮಾಡಿ, ನೆನಪೋಲೆಯನ್ನೂ ಬರೆಯಿರಿ. ಉತ್ತರ ಬಾರದೆ ಉಳಿದದ್ದನ್ನೂ ಪ್ರಕರಣ ನಡೆಸುವ ಅಧಿಕಾರಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಕಳಿಸಿದ್ದಕ್ಕೆ ರಸೀದಿ ಇದ್ದರೆ.